ಲಾವಾ ಬೆಟ್ಟದ ಕೆಂಪು ವೈನಿಗೆ ಕಾಳುಮೆಣಸಿನ ಘಮ

ಫ್ರಾನ್ಸಿನ ನಟ್ಟನಡುವೆ ಓವೆರ್ನ್ ಎಂಬ ಸೀಮೆಯಿದೆ. ಅಲ್ಲಿನ ದೊಡ್ಡ ಊರು ಕ್ಲೆರ್ಮಾಂ-ಫೆರಾಂ. ಊರ ಮಧ್ಯದ ಕೆಥೆಡ್ರಲ್ ಕಪ್ಪಗಿದೆ. ಹೊಗೆ ಹಿಡಿದು ಕಪ್ಪಾದದ್ದಲ್ಲ, ಕಟ್ಟಿದ್ದೇ ಲಾವಾ ಕಲ್ಲಿನಲ್ಲಿ. ಪಡುವಣಕ್ಕೆ ತಲೆಯೆತ್ತಿದರೆ ಸುಮಾರು 80 ಆರಿದ ಜ್ವಾಲಾಮುಖಿಗಳ ಸಾಲು ಕಾಣುತ್ತದೆ. ಅದರಲ್ಲಿ ಎತ್ತರದ್ದು 1,465 ಮೀಟರಿನ ಪ್ಯೂಯಿ ದ ದೋಮ್. 1648ರಲ್ಲಿ ಬ್ಲೇಸ್ ಪಾಸ್ಕಲ್ ತನ್ನ ಭಾವನ ಕೈಯಲ್ಲಿ ಪಾದರಸದ ಕೊಳವೆ ಹೊರಿಸಿ, ಗಾಳಿಗೂ ತೂಕವಿದೆಯೆಂದು ಜಗತ್ತಿಗೆ ತೋರಿಸಿದ್ದು ಈ ಬೆಟ್ಟ ಹತ್ತಿಸಿಯೇ. 2018ರಲ್ಲಿ ಯುನೆಸ್ಕೊ ಈ ಇಡೀ ಸಾಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ವೋಲ್ವಿಕ್ ನೀರು, ಮಿಶೆಲಿನ್ ಟೈರು, ಜ್ವಾಲಾಮುಖಿ: ಇಂದು ಈ ಸೀಮೆಯ ಹೆಸರೆತ್ತಿದರೆ ನೆನಪಾಗುವುದು ಇಷ್ಟೆ. ವೈನ್ ಯಾರಿಗೂ ನೆನಪಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಗಿರಲಿಲ್ಲ. ಫಿಲೊಕ್ಸೆರಾ ಎಂಬ ಬೇರುತಿನ್ನುವ ಹೇನು ದಕ್ಷಿಣದ ತೋಟಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಾಗ ಓವೆರ್ನ್‌ಗೆ ಅದು ತಡವಾಗಿ ಬಂತು. ನೆರೆಯವರ ನಷ್ಟ ಇಲ್ಲಿನವರಿಗೆ ಸುಗ್ಗಿಯಾಯಿತು. ಬೇಡಿಕೆ ಏರಿತು, ಸಿಕ್ಕ ಇಳಿಜಾರಿಗೆಲ್ಲ ಬಳ್ಳಿ ನೆಟ್ಟರು. ದ್ರಾಕ್ಷಿತೋಟಗಳ ವಿಸ್ತಾರ ಸುಮಾರು 45,000 ಹೆಕ್ಟೇರ್ ಮುಟ್ಟಿತು. ಆಮೇಲೆ ಹೇನು ಇಲ್ಲಿಗೂ ಬಂತು, ಎಲೆಗೆ ಬೂಷ್ಟು ಹಿಡಿಯಿತು, ಮೊದಲ ಮಹಾಯುದ್ಧ ತೋಟದ ಗಂಡಾಳುಗಳನ್ನು ಕೊಂಡೊಯ್ಯಿತು. ಉಳಿದವರಿಗೆ 1889ರಲ್ಲಿ ಶುರುವಾದ ಟೈರು ಕಾರ್ಖಾನೆ ತಿಂಗಳ ಸಂಬಳ ಕೊಡತೊಡಗಿತ್ತು. ಆಲಿಕಲ್ಲಿಗೆ ಹೆದರುತ್ತಾ ಬಳ್ಳಿ ಕಾಯುವವರು ಯಾರು? ಈಗ ‘ಕೋತ್ ದೊವೆರ್ನ್’ ಎಂಬ ಅಧಿಕೃತ ಹೆಸರಿನಡಿ ಉಳಿದಿರುವುದು ಕೆಲವೇ ನೂರು ಹೆಕ್ಟೇರ್. ಅತ್ಯುನ್ನತ ದರ್ಜೆಯ ಮಾನ್ಯತೆ ಸಿಕ್ಕಿದ್ದೂ 2010-11ರಲ್ಲಿ.

ಈ ಹೆಸರಿನೊಳಗೆ ಐದು ಊರು-ಗುಡ್ಡಗಳಿಗೆ ತಮ್ಮ ಹೆಸರನ್ನೂ ಸೀಸೆಯ ಮೇಲೆ ಹಾಕಿಕೊಳ್ಳುವ ಹಕ್ಕಿದೆ: ಮದಾರ್ಗ್, ಶಾತೋಗೇ, ಶಾಂತುರ್ಗ್, ಕೋರಾಂ, ಬೂದ್. ಕೋರಾಂ ಗುಲಾಬಿ ವೈನಿಗೆ ಹೆಸರುವಾಸಿ. ಕೆಂಪಿನಲ್ಲಿ ಶಾಂತುರ್ಗ್‌ನದೇ ದೊಡ್ಡ ದಂತಕಥೆ. ಗಾಲ್ ನಾಯಕ ವೆರ್ಸಿಂಜೆಟೋರಿಕ್ಸ್ ಜೂಲಿಯಸ್ ಸೀಸರನನ್ನು ಅಣಕಿಸಲು ಒಂದು ಬಡಕಲು ಹುಂಜ ಕಳಿಸಿದನಂತೆ. ಸೀಸರ್ ಅದನ್ನು ಇಲ್ಲಿನ ವೈನಿನಲ್ಲಿ ಬೇಯಿಸಿ, ಅವನನ್ನೇ ಊಟಕ್ಕೆ ಕರೆದನಂತೆ. ಕ್ರಿ.ಪೂ. 52ರಲ್ಲಿ ಪಕ್ಕದ ಗೆರ್ಗೋವಿಯಲ್ಲಿ ಸೀಸರ್ ಸೋತದ್ದು ಇತಿಹಾಸ, ಹುಂಜದ್ದು ಅಡುಗೆಮನೆಯ ಕಥೆ.

ಇಲ್ಲಿನ ಸೀಸೆಗಳ ಮೇಲೆಲ್ಲ ಜ್ವಾಲಾಮುಖಿಯ ಚಿತ್ರ, ಲಾವಾದ ಬಣ್ಣನೆ. ‘ಕಲ್ಲಿನ ರುಚಿ ನಾಲಗೆಗೆ ಸಿಗುತ್ತದೆ’ ಎಂಬ ಮಾತನ್ನು ಮಾರುವವರೂ ಹೇಳುತ್ತಾರೆ, ಕುಡಿಯುವವರೂ ಹೇಳುತ್ತಾರೆ. ನನಗೆ ನಂಬಿಕೆಯಿಲ್ಲ. ಬೇರು ಬಸಾಲ್ಟನ್ನು ಹೀರಿ ಹಣ್ಣಿಗೆ ತಲುಪಿಸುವುದಿಲ್ಲ. ಬ್ರಿಟನ್ನಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ಜ್ವಾಲಾಮುಖಿ ಇಲ್ಲಿ ಮಾಡಿರುವ ಕೆಲಸ ಬೇರೆ, ಮತ್ತು ನನ್ನ ಲೆಕ್ಕದಲ್ಲಿ ಅದೇ ಹೆಚ್ಚು ಸ್ವಾರಸ್ಯದ್ದು.

ಮೊದಲನೆಯದು ಮಳೆ. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳನ್ನು ಆ ಬೆಟ್ಟಸಾಲು ತಡೆಯುತ್ತದೆ. ಹಾಗಾಗಿ ಕ್ಲೆರ್ಮಾಂ ಮಳೆನೆರಳಿನ ಊರು, ವರ್ಷಕ್ಕೆ ಬೀಳುವುದು 580 ಮಿ.ಮೀ. ಆಸುಪಾಸು. ಹೆಚ್ಚುಕಡಿಮೆ ನಮ್ಮ ವಿಜಯಪುರದ ಮಳೆ. (ವಿಜಯಪುರದಲ್ಲೂ ದ್ರಾಕ್ಷಿ, ಅಡಿಗೆ ದಖ್ಖನ್ನಿನ ಬಸಾಲ್ಟ್, ಆದರೆ ಅಲ್ಲಿನ ಹಣ್ಣು ಬಹುಪಾಲು ಒಣದ್ರಾಕ್ಷಿಯಾಗುತ್ತದೆ.) ಎರಡನೆಯದು ಇಳಿಜಾರು. ಲಕ್ಷಾಂತರ ವರ್ಷಗಳ ಹಿಂದೆ ಲಾವಾ ಕಣಿವೆಗಳಲ್ಲಿ ಹರಿದು ಗಟ್ಟಿಯಾಯಿತು. ಸುತ್ತಲಿನ ಮೆತ್ತನೆಯ ಸುಣ್ಣಮಣ್ಣು ಕೊಚ್ಚಿಹೋಗಿ, ಅಂದಿನ ಕಣಿವೆಯ ತಳವೇ ಇಂದು ಗುಡ್ಡದ ನೆತ್ತಿಯಾಗಿ ನಿಂತಿದೆ. ಹಲವು ತೋಟಗಳು ಆ ನೆತ್ತಿಯ ಕೆಳಗಿನ ಓರೆಯಲ್ಲಿವೆ. ಮಣ್ಣು ಜೇಡಿ-ಸುಣ್ಣದ್ದು, ಮೇಲಿಂದ ಉರುಳಿದ ಕಪ್ಪುಕಲ್ಲು ಅದರಲ್ಲಿ ಬೆರೆತಿದೆ. ನೀರು ನಿಲ್ಲುವುದಿಲ್ಲ, ಕಪ್ಪುಕಲ್ಲು ಹಗಲಿನ ಬಿಸಿಲನ್ನು ಹಿಡಿದಿಡುತ್ತದೆ.

ಹಾಗಾದರೆ ಈ ವೈನಿಗೆ ತನ್ನದೇ ಗುರುತಿಲ್ಲವೇ? ಇದೆ: ಕಾಳುಮೆಣಸು. ಇಲ್ಲಿನ ಮುಖ್ಯ ತಳಿ ಗಾಮೇ, ಜೊತೆಗೆ ಪಿನೋ ನ್ವಾರ್. ಓವೆರ್ನ್‌ನ ಗಾಮೇಯನ್ನು ಮೂಸಿದವರು ಮೊದಲು ಹೇಳುವುದು ಮೆಣಸಿನ ಮಾತನ್ನೇ. ವೈನಿನ ಮೆಣಸು ಘಮದ ಮೂಲವನ್ನು 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಶಿರಾಜ್ ದ್ರಾಕ್ಷಿಯಲ್ಲಿ ಪತ್ತೆಮಾಡಿದರು. ಅದರ ಹೆಸರು ರೊಟಂಡೋನ್. ಮಲೆನಾಡಿನ ಮೆಣಸಿನ ಕಾಳಿನಲ್ಲಿರುವುದೂ ಇದೇ ಅಣು. ಹೆಸರು ಬಂದದ್ದು ಮಾತ್ರ ನಮ್ಮ ಹೊಲದ ಬದುವಿನ ಕೊನ್ನಾರಿಗಡ್ಡೆಯ ಸಸ್ಯನಾಮದಿಂದ. ಒಂದು ಲೀಟರ್ ಕೆಂಪು ವೈನಿನಲ್ಲಿ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ 16 ಪಟ್ಟು ಇದ್ದರೂ ಮೂಗಿಗೆ ಗೊತ್ತಾಗುತ್ತದೆ. ಅದು ಹಣ್ಣಿನ ಸಿಪ್ಪೆಯಲ್ಲಿರುತ್ತದೆ, ತಂಪು ಹವೆಯಲ್ಲಿ ಹೆಚ್ಚುತ್ತದೆ. ಅಂದರೆ ಬೆಟ್ಟದ ನಾಡಿನ ತಂಪಿಗೂ ಇದರಲ್ಲಿ ಪಾಲಿದೆ, ಲಾವಾಕ್ಕೆ ನೇರ ಪಾಲಿಲ್ಲ.

ಇನ್ನು ಹಳತಾಗುವ ವಿಷಯ. ಗಾಮೇಗೆ ಮೊದಲಿನಿಂದಲೂ ಮರ್ಯಾದೆ ಕಡಿಮೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಈ ಬಳ್ಳಿಯನ್ನು ಕಿತ್ತೆಸೆಯಿರಿ ಎಂದು ಆಜ್ಞೆ ಹೊರಡಿಸಿದ್ದ. ನಮ್ಮ ಕಾಲದಲ್ಲಿ ಬೋಜೋಲೆ ನುವೋ ಎಂಬ ನವೆಂಬರಿನ ಎಳೆ ವೈನ್ ಬಂದು, ಗಾಮೇ ಎಂದರೆ ಬೇಗ ಕುಡಿದು ಮುಗಿಸುವಂಥದ್ದು ಎಂಬ ಅಭಿಪ್ರಾಯ ಗಟ್ಟಿಯಾಯಿತು. ಬಹುಪಾಲು ಸೀಸೆಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಕಡಿಮೆ ಇಳುವರಿಯ ತೋಟದಲ್ಲಿ, ಒಳ್ಳೆಯ ವರ್ಷದಲ್ಲಿ ಮಾಡಿದ ಗಾಮೇ ಹತ್ತು ವರ್ಷ ತಡೆಯುತ್ತದೆ. ನೇರಳೆಗೆಂಪು ಬಣ್ಣ ಮಾಗಿ ಇಟ್ಟಿಗೆಯ ಕಡೆಗೆ ವಾಲುತ್ತದೆ, ಒಗರಿನ ಅಂಶಗಳು ಬಣ್ಣದೊಂದಿಗೆ ಕೂಡಿ ತಳದಲ್ಲಿ ಗಸಿಯಾಗುತ್ತವೆ. ಚೆರ್ರಿಯಂಥ ಹಣ್ಣಿನ ವಾಸನೆ ಹಿಂದೆ ಸರಿದು ಒದ್ದೆ ತರಗೆಲೆ, ಅಣಬೆ, ತೊಗಲಿನ ವಾಸನೆ ಮುಂದೆ ಬರುತ್ತದೆ. ವಯಸ್ಸಾದ ಗಾಮೇ ಬರ್ಗಂಡಿಯ ಹೆಮ್ಮೆಯಾದ ಪಿನೋದಂತಾಗುತ್ತದೆ ಎಂದು ಫ್ರೆಂಚರೇ ಹೇಳುತ್ತಾರೆ. ಬರ್ಗಂಡಿಯಿಂದ ಅಟ್ಟಿಸಿಕೊಂಡ ಬಳ್ಳಿಗೆ ಇದಕ್ಕಿಂತ ದೊಡ್ಡ ಸೇಡು ಬೇಕಿಲ್ಲ.

ಆ ಕಡೆ ಹೋಗುವ ಕನ್ನಡಿಗರು ಯಾರಾದರೂ ಇದ್ದರೆ, ಅಂಗಡಿಯಲ್ಲಿ ಲಾವಾದ ಚಿತ್ರ ನೋಡಿ ಕೊಳ್ಳಬೇಡಿ. ಬೂದ್ ಅಥವಾ ಶಾಂತುರ್ಗ್‌ನ ಹಳೆಯ ವರ್ಷದ್ದು ಇದೆಯೇ ಎಂದು ಕೇಳಿ. ಗಸಿ ಇಳಿಯಲು ಸೀಸೆಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ತುಸು ತಣ್ಣಗೆ, ಅಲ್ಲಿಯದೇ ಸಾಂ-ನೆಕ್ತೇರ್ ಚೀಸ್ ಜೊತೆ ಕುಡಿಯಿರಿ. ಮೆಣಸಿನ ಘಮ ಸಿಗದಿದ್ದರೆ ವೈನನ್ನು ಬೈಯಬೇಡಿ. ಐವರಲ್ಲಿ ಸುಮಾರು ಒಬ್ಬರ ಮೂಗಿಗೆ ರೊಟಂಡೋನ್ ತಿಳಿಯುವುದೇ ಇಲ್ಲವೆಂದು ಅದೇ 2008ರ ಸಂಶೋಧನೆ ಹೇಳಿದೆ.