ಎದುರಾಳಿಯನ್ನು ಆರಿಸುವವರು ಯಾರು: ಬಾಕ್ಸರೋ, ಮ್ಯಾನೇಜರೋ?

2015ರ ಮೇ 2ರಂದು ಲಾಸ್ ವೇಗಾಸ್‌ನ ಎಂಜಿಎಂ ಗ್ರ್ಯಾಂಡ್ ಕ್ರೀಡಾಂಗಣದಲ್ಲಿ ಅಮೆರಿಕದ ಫ್ಲಾಯ್ಡ್ ಮೇವೆದರ್ ಹಾಗೂ ಫಿಲಿಪ್ಪೀನ್ಸ್‌ನ ಮ್ಯಾನಿ ಪಕಿಯಾವೊ ಮುಖಾಮುಖಿಯಾದಾಗ ಬಾಕ್ಸಿಂಗ್ ಪ್ರಿಯರಲ್ಲಿ ಸಂಭ್ರಮದ ಜತೆಗೆ ಬೇಸರವೂ ಇತ್ತು. ಅದು ಐದು ವರ್ಷ ಮೊದಲೇ ನಡೆಯಬೇಕಿದ್ದ ಸೆಣಸಾಟ. ಅಷ್ಟರಲ್ಲಿ ಮೇವೆದರ್‌ಗೆ 38, ಪಕಿಯಾವೊಗೆ 36 ವರ್ಷ. ಇಬ್ಬರ ಉತ್ತಮ ದಿನಗಳೂ ಕಳೆದಿದ್ದವು. ಹಾಗಾದರೆ ಬಾಕ್ಸರ್‌ನ ಮುಂದಿನ ಎದುರಾಳಿಯನ್ನು ನಿರ್ಧರಿಸುವವರು ಯಾರು?

ಒಲಿಂಪಿಕ್ಸ್‌ನಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಅಲ್ಲಿ ಯಾರ ವಿರುದ್ಧ ಯಾರು ಎಂಬುದನ್ನು ಡ್ರಾ ತೀರ್ಮಾನಿಸುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತದ ವಿಜೇಂದರ್ ಸಿಂಗ್ ಆಡಿದ್ದೂ ಇದೇ ಪದ್ಧತಿಯಲ್ಲಿ. 2015ರಲ್ಲಿ ಬ್ರಿಟನ್‌ನ ಫ್ರಾಂಕ್ ವಾರನ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಅವರು ವೃತ್ತಿಪರರಾದರು. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಡ್ರಾ ಇಲ್ಲ. ಪ್ರತಿ ಪಂದ್ಯವೂ ಒಂದು ವ್ಯವಹಾರ.

ಇಬ್ಬರು ಮಧ್ಯವರ್ತಿಗಳು

ಮ್ಯಾನೇಜರ್ ಬಾಕ್ಸರ್‌ನ ಪರ ನಿಂತು ಮಾತನಾಡುವವನು. ಸಂಭಾವನೆಯಲ್ಲಿ ಅವನಿಗೂ ಪಾಲುಂಟು. ಅಮೆರಿಕದ ನೆವಾಡ ರಾಜ್ಯದ ನಿಯಮದಂತೆ ಈ ಪಾಲು ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಪ್ರೊಮೋಟರ್ ಎಂದರೆ ಪಂದ್ಯಕ್ಕೆ ಹಣ ಹೂಡುವ ಆಯೋಜಕ. ಸ್ಥಳ ಗೊತ್ತುಪಡಿಸುವುದು, ಟಿವಿ ಹಕ್ಕು ಮಾರುವುದು ಅವನ ಕೆಲಸ. ಎದುರಾಳಿಗಳನ್ನು ಹುಡುಕಲೆಂದೇ ಅವನ ಬಳಿ ಮ್ಯಾಚ್‌ಮೇಕರ್ ಎಂಬ ನುರಿತ ಕೆಲಸಗಾರನಿರುತ್ತಾನೆ.

ಸಾಮಾನ್ಯವಾಗಿ ಹೆಸರು ಸೂಚಿಸುವುದು ಪ್ರೊಮೋಟರ್, ತೂಗಿ ನೋಡುವುದು ಮ್ಯಾನೇಜರ್, ಸಹಿ ಹಾಕುವುದು ಬಾಕ್ಸರ್. ಆ ಸಹಿ ಇಲ್ಲದೆ ಪಂದ್ಯವಿಲ್ಲ. ಆದರೆ ಮ್ಯಾನೇಜರ್ ಮತ್ತು ಪ್ರೊಮೋಟರ್ ಒಳಗೊಳಗೇ ಪಾಲುದಾರರಾದರೆ ಬಾಕ್ಸರ್‌ನ ಹಿತ ಕಾಯುವವರೇ ಇಲ್ಲದಂತಾಗುತ್ತದೆ. 2000ರಲ್ಲಿ ಅಮೆರಿಕದಲ್ಲಿ ಬಂದ ಮುಹಮ್ಮದ್ ಅಲಿ ಹೆಸರಿನ ಕಾಯಿದೆ ಇಂಥ ಪಾಲುದಾರಿಕೆಯನ್ನು ತಡೆಯಲು ಯತ್ನಿಸಿತು. ಪಂದ್ಯದ ಆದಾಯದ ವಿವರವನ್ನು ಪ್ರೊಮೋಟರ್ ಬಾಕ್ಸರ್‌ಗೆ ತಿಳಿಸಬೇಕೆಂದೂ ವಿಧಿಸಿತು.

ಬೆಲ್ಟ್‌ನ ಕಟ್ಟಳೆ

ಚಾಂಪಿಯನ್ ಆದವನಿಗೆ ಇನ್ನೊಂದು ಕಟ್ಟು. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್ ಮತ್ತು ಡಬ್ಲ್ಯುಬಿಒ ಎಂಬ ನಾಲ್ಕು ಪ್ರಮುಖ ಸಂಸ್ಥೆಗಳು ತಮ್ಮ ಶ್ರೇಯಾಂಕದಂತೆ ಕಡ್ಡಾಯ ಎದುರಾಳಿಯನ್ನು ಹೆಸರಿಸುತ್ತವೆ. ಎರಡೂ ಕಡೆಯವರು ಒಪ್ಪಂದಕ್ಕೆ ಬಾರದಿದ್ದರೆ ಪಂದ್ಯದ ಆಯೋಜನೆಯ ಹಕ್ಕನ್ನು ಹರಾಜಿಗಿಡಲಾಗುತ್ತದೆ. ನಿರಾಕರಿಸಿದ ಚಾಂಪಿಯನ್ ಪಟ್ಟ ಕಳೆದುಕೊಳ್ಳಬೇಕಾಗುತ್ತದೆ. 1992ರಲ್ಲಿ ಹೆವಿವೇಟ್ ಚಾಂಪಿಯನ್ ರಿಡಿಕ್ ಬೋ, ಲೆನಾಕ್ಸ್ ಲೂಯಿಸ್ ವಿರುದ್ಧ ಸೆಣಸುವ ಬದಲು ಡಬ್ಲ್ಯುಬಿಸಿ ಬೆಲ್ಟನ್ನು ಲಂಡನ್‌ನಲ್ಲಿ ಪತ್ರಕರ್ತರೆದುರೇ ಕಸದ ಬುಟ್ಟಿಗೆ ಹಾಕಿದ್ದರು. 1988ರ ಸೋಲ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಬೋ ಅವರನ್ನು ಸೋಲಿಸಿದ್ದವರು ಇದೇ ಲೂಯಿಸ್. ವೃತ್ತಿಪರರಾಗಿ ಅವರಿಬ್ಬರೂ ಎಂದೂ ಎದುರಾಗಲಿಲ್ಲ.

ಜನ ಸೆಳೆಯುವವನೇ ಯಜಮಾನ

ಮೇವೆದರ್ ಈ ಕಟ್ಟುಗಳಿಂದ ಬಿಡಿಸಿಕೊಂಡವರು. 2006ರಲ್ಲಿ ಅವರು 7.5 ಲಕ್ಷ ಡಾಲರ್ ತೆತ್ತು ಬಾಬ್ ಆರಮ್ ಅವರ ಟಾಪ್ ರ‍್ಯಾಂಕ್ ಸಂಸ್ಥೆಯಿಂದ ಹೊರಬಂದರು. ಪಕಿಯಾವೊ ಆಗ ಅದೇ ಟಾಪ್ ರ‍್ಯಾಂಕ್‌ನ ಬಾಕ್ಸರ್ ಆಗಿದ್ದರು. 2010ರ ಆರಂಭದಲ್ಲಿ ಉದ್ದೀಪನ ಮದ್ದಿನ ಪತ್ತೆಗಾಗಿ ನಡೆಸುವ ರಕ್ತಪರೀಕ್ಷೆಯ ವಿವಾದದಿಂದ ಮಾತುಕತೆ ಮುರಿದುಬಿತ್ತು. ಬಳಿಕ ಪ್ರೊಮೋಟರ್‌ಗಳ ಹಗೆತನದ ಜತೆಗೆ ಎಚ್‌ಬಿಒ ಮತ್ತು ಷೋಟೈಮ್ ವಾಹಿನಿಗಳ ಪೈಪೋಟಿಯೂ ಸೇರಿಕೊಂಡಿತು.

2015ರ ಜನವರಿಯಲ್ಲಿ ಮಿಯಾಮಿಯ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದರಲ್ಲಿ ಇಬ್ಬರೂ ಭೇಟಿಯಾಗಿ ದೂರವಾಣಿ ಸಂಖ್ಯೆ ವಿನಿಮಯ ಮಾಡಿಕೊಂಡರು. ತೆರೆಮರೆಯಲ್ಲಿ ವಾಹಿನಿಗಳ ಮುಖ್ಯಸ್ಥರ ಮಾತುಕತೆಯೂ ನಡೆದಿತ್ತು. ಫೆಬ್ರವರಿ 20ರಂದು ಪಂದ್ಯ ಘೋಷಣೆಯಾಯಿತು. ಅಮೆರಿಕದಲ್ಲಿ ಸುಮಾರು 46 ಲಕ್ಷ ಮಂದಿ ಹಣ ತೆತ್ತು ಟಿವಿಯಲ್ಲಿ ವೀಕ್ಷಿಸಿದರು. ಮೇವೆದರ್ ಅಂಕಗಳ ಆಧಾರದಲ್ಲಿ ಗೆದ್ದರು.

ಒಟ್ಟಿನಲ್ಲಿ, ಜನರನ್ನು ಸೆಳೆಯಬಲ್ಲ ಬಾಕ್ಸರ್ ಮಾತ್ರ ಎದುರಾಳಿಯನ್ನು ತಾನೇ ಆರಿಸಿಕೊಳ್ಳಬಲ್ಲ. ಹೆಸರು ಮಾಡದವನಿಗೆ ಕೆಲವೇ ದಿನಗಳ ಮುನ್ನ ಕರೆ ಬರುವುದುಂಟು. ಒಲ್ಲೆ ಎನ್ನುವ ಹಕ್ಕು ಅವನಿಗೂ ಇದೆ. ಆದರೆ ಹಾಗೆಂದ ಮೇಲೆ ಮುಂದಿನ ಕರೆ ಬಂದೀತೆಂಬ ಭರವಸೆಯಿಲ್ಲ. ನಿರ್ಧಾರ ಯಾರದೇ ಇರಲಿ, ರಿಂಗ್‌ನಲ್ಲಿ ಪೆಟ್ಟು ತಿನ್ನುವವನು ಬಾಕ್ಸರ್ ಒಬ್ಬನೇ.