ಕಪ್ಪು ಬಣ್ಣವಿಲ್ಲದೆ ನೆರಳು ಬರೆಯುವುದು ಹೇಗೆ?

ಹೆಣ್ಣಿನ ಭಾವಚಿತ್ರ ಬರೆಯಲು ಕೂತವರು ಸಾಮಾನ್ಯವಾಗಿ ಕಣ್ಣು, ತುಟಿಯಿಂದಲೇ ಶುರುಮಾಡುತ್ತಾರೆ. ಆದರೆ ಇಂಪ್ರೆಷನಿಸ್ಟ್ ಕಲಾವಿದರು ಮೊದಲು ನೋಡಿದ್ದು ಬೆಳಕಿನ ಬಣ್ಣ, ನೆರಳಿನ ಬಣ್ಣ. ಚಿತ್ರದ ಭಾವ ಹುಟ್ಟುವುದೇ ಅಲ್ಲಿ.

ಅವರಲ್ಲೊಬ್ಬನಾದ ಕ್ಲಾಡ್ ಮೊನೆ 1875ರಲ್ಲಿ ಬರೆದ ಕೊಡೆ ಹಿಡಿದ ಹೆಣ್ಣಿನ ಚಿತ್ರ ನೋಡಿ. ನಿಂತವಳು ಅವನ ಹೆಂಡತಿ ಕಮೀಲ್. ಮುಖದ ಮೇಲೆ ತೆಳು ಪರದೆ, ಕಣ್ಣು ಮೂಗು ಸರಿಯಾಗಿ ಕಾಣುವುದಿಲ್ಲ. ಬಿಳಿ ಉಡುಪಿನ ನೆರಳೆಲ್ಲ ನೀಲಿ. ತೋಳಿನ ಮೇಲೆ ಕಾಡುಹೂಗಳ ಹಳದಿ. ಆದರೂ ಗಾಳಿ ಬೀಸುವ ಬೇಸಿಗೆಯ ಉಲ್ಲಾಸ ಮೊದಲ ನೋಟಕ್ಕೇ ತಟ್ಟುತ್ತದೆ.

ಇದರ ಗುಟ್ಟು ಎರಡು. ಒಂದು, ಬಿಸಿಲು ಬೀಳದ ಭಾಗಕ್ಕೂ ಆಕಾಶದ ನೀಲಿ, ನೆಲದ ಬಣ್ಣ ಬಂದು ತಾಗುತ್ತವೆ. ಇನ್ನೊಂದು, ಬಣ್ಣ ಪಕ್ಕದ ಬಣ್ಣದಿಂದ ಬದಲಾಗಿ ಕಾಣುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆಶಾಲೆಯಲ್ಲಿ ಕಪ್ಪು ನೂಲು ಮಂಕಾಯಿತೆಂಬ ದೂರು ಬಂದಾಗ, ತಪ್ಪು ಬಣ್ಣದ್ದಲ್ಲ, ನೆರೆಯ ನೂಲಿನದು ಎಂದು ರಸಾಯನಶಾಸ್ತ್ರಜ್ಞ ಶೆವ್ರಲ್ ಕಂಡುಕೊಂಡ. 1839ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದ. ಕಿತ್ತಳೆಯ ಪಕ್ಕ ನೀಲಿ ಇಟ್ಟರೆ ಎರಡೂ ಮಿನುಗುತ್ತವೆ.

ಬಳ್ಳಾರಿಯ ಬಿಸಿಲಲ್ಲಿ ಇದನ್ನು ಕಣ್ಣಾರೆ ಪರೀಕ್ಷಿಸಬಹುದು. ಕುರುಗೋಡು ಕಡೆ ಮೆಣಸಿನಕಾಯಿ ಕಣದಲ್ಲಿ ಕಾಯಿ ಆರಿಸುವ ಹೆಂಗಸಿನ ಗದ್ದದ ಕೆಳಗೆ, ಮುಂಗೈ ಒಳಬದಿಗೆ ಕೆಂಪು ಛಾಯೆ ಹೊಡೆಯುತ್ತದೆ. ಸೆರಗಿನ ಮಡಿಕೆಯ ನೆರಳಿಗೆ ನೀಲಿ. ಚಿತ್ರ ಕಾವೇರುತ್ತದೆ. ಅವಳನ್ನೇ ಸಿರುಗುಪ್ಪದ ಭತ್ತದ ಗದ್ದೆಯ ಬದುವಿನಲ್ಲಿ ನಿಲ್ಲಿಸಿ: ಕೆಂಪಿದ್ದಲ್ಲಿ ಹಸಿರು, ಮುಖ ತಂಪು. ಹೆಂಗಸು ಅವಳೇ, ಮುಖಭಾವವೂ ಅದೇ. ಬದಲಾದದ್ದು ನೆಲ ಮಾತ್ರ.

ಒಳಾಂಗಣದ ಪಾಠಕ್ಕೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಕಲಾವಿದ ಹಳದಂಕರರ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವಿದೆ. ಅದು ಇಂಪ್ರೆಷನಿಸ್ಟ್ ಚಿತ್ರವಲ್ಲ. ಆದರೆ ಜ್ವಾಲೆಗೆ ಅಡ್ಡವಾದ ಬೆರಳುಗಳು ಕೆಂಪಾಗಿ ಹೊಳೆಯುವುದನ್ನು ನೋಡಿದರೆ, ಒಂದೇ ಬೆಳಕು ಇಡೀ ಮುಖದ ಶಾಂತಿಯನ್ನು ಹೊತ್ತಿರುವುದು ತಿಳಿಯುತ್ತದೆ.

ಬರೆಯುವಾಗ ಕಪ್ಪು ಟ್ಯೂಬನ್ನು ಬದಿಗಿಡಿ. ಗಾಢ ನೆರಳಿಗೆ ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಬೆರೆಸಿ. ಕಣ್ಣು ಕಿರಿದು ಮಾಡಿ ನೋಡಿ, ಬೆಳಕು, ನೆರಳು, ಹಿನ್ನೆಲೆ ಮೂರನ್ನೂ ದಪ್ಪ ಕುಂಚದಲ್ಲಿ ಪಕ್ಕಪಕ್ಕ ಹಚ್ಚಿ. ಅತಿಯಾಗಿ ತೀಡಿದರೆ ಬಣ್ಣ ಕೊಳೆಯಾಗುತ್ತದೆ. ಬಿಸಿಲು ಸರಿಯುತ್ತಲೇ ಇರುತ್ತದೆ, ಹಾಗಾಗಿ ಒಂದು ಗಂಟೆಯೊಳಗೆ ಈ ಹಂತ ಮುಗಿಸಿ. ಕಣ್ಣು, ತುಟಿ ಕೊನೆಗೆ. ಬಣ್ಣ ಸರಿಬಿದ್ದಿದ್ದರೆ ಅವಕ್ಕೆ ನಾಲ್ಕು ಗೀಟು ಸಾಕು.