ಅಕ್ಕೋರ ಕಪಾಟು

ಧಾರವಾಡದ ಕಡೆ ಕನ್ನಡ ಶಾಲೆಯ ಶಿಕ್ಷಕಿಯನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಅವರು ಅಕ್ಕೋರು, ನಿವೃತ್ತಿಯಾಗಿ ಎಷ್ಟು ವರ್ಷ ಕಳೆದರೂ ಅಕ್ಕೋರೇ. ನನಗೆ ಕಲಿಸಿದ ಅಕ್ಕೋರ ಬಗ್ಗೆ ಬರೆಯುತ್ತೇನೆಂದಾಗ, "ನನ್ನ ಹೆಸರು ಬ್ಯಾಡ, ಪುಸ್ತಕದ ಹೆಸರು ಹಾಕು" ಎಂದರು. ಹಾಗೆಯೇ ಮಾಡುತ್ತಿದ್ದೇನೆ.

ಅವರ ಪಡಸಾಲೆಯಲ್ಲಿ ಎರಡು ಕಪಾಟುಗಳಿವೆ, ಎರಡಕ್ಕೂ ಕೀಲಿಯಿಲ್ಲ. ಪಕ್ಕದಲ್ಲೊಂದು ನೋಟ್‌ಬುಕ್ಕು: ಯಾರು ಯಾವ ಪುಸ್ತಕ ಒಯ್ದರು ಎಂದು ಬರೆದಿರುತ್ತದೆ, ಯಾವಾಗ ತರಬೇಕು ಎಂದಲ್ಲ. ಬಂದವರು ತಾವೇ ಆರಿಸಿಕೊಳ್ಳುವುದು ಕಡಿಮೆ. ಅಕ್ಕೋರು ಐದು ನಿಮಿಷ ಮಾತಾಡಿಸಿ, ಎದ್ದು ಹೋಗಿ ಒಂದನ್ನು ತಂದು ಕೈಗಿಡುತ್ತಾರೆ. "ಓದಿ ಬಾ, ಆಮ್ಯಾಲೆ ಮಾತಾಡೋಣು."

ಈ ಅಭ್ಯಾಸ ಬಂದದ್ದು ತಂದೆಯಿಂದ. ಅವರು ಮನೋಹರ ಗ್ರಂಥಮಾಲೆಯ ಚಂದಾದಾರರು. 1933ರಲ್ಲಿ ಜಿ.ಬಿ. ಜೋಶಿಯವರು ಶುರುಮಾಡಿದ ಆ ಮಾಲೆ ಧಾರವಾಡದ ಸುಭಾಷ ರಸ್ತೆಯ ಒಂದು ಅಟ್ಟದಿಂದ ಕನ್ನಡದ ದೊಡ್ಡ ದೊಡ್ಡ ಬರಹಗಾರರನ್ನು ನಾಡಿಗೆ ಮುಟ್ಟಿಸಿತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದೂ ಅಲ್ಲಿಂದಲೇ. ಚಂದಾದಾರರು ಮೊದಲೇ ಹಣ ಕಟ್ಟುತ್ತಿದ್ದರು. ಏನು ಬರುತ್ತದೆ ಎಂಬುದನ್ನು ಮಾಲೆಯವರ ವಿವೇಚನೆಗೆ ಬಿಡುತ್ತಿದ್ದರು. ಕಾದಂಬರಿ ಬಂದರೆ ಕಾದಂಬರಿ, ವಿಮರ್ಶೆ ಬಂದರೆ ವಿಮರ್ಶೆ. ತಾವಾಗಿ ಎಂದೂ ಕೈಗೆತ್ತಿಕೊಳ್ಳದ ಪುಸ್ತಕಗಳೇ ತಮ್ಮ ಓದನ್ನು ಬೆಳೆಸಿದವು ಎನ್ನುತ್ತಾರೆ ಅಕ್ಕೋರು. ನನಗೂ ಇದು ನಿಜವೆನಿಸುತ್ತದೆ. ಇಷ್ಟವಾದದ್ದನ್ನೇ ಮತ್ತೆ ಮತ್ತೆ ಓದುವವರಿಗೆ ಇನ್ನೊಬ್ಬರ ಆಯ್ಕೆಯಷ್ಟು ಉಪಕಾರ ಮಾಡುವುದು ಬೇರೊಂದಿಲ್ಲ.

ಹೊಸದಾಗಿ ನೌಕರಿಗೆ ಸೇರಿದ ಶಿಕ್ಷಕರು ಬಂದರೆ ಅವರ ಕೈಗೆ ಸಿಗುವುದು 'ತೊತ್ತೋಚಾನ್'. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದ ಈ ಪುಸ್ತಕ ಜಪಾನಿನಲ್ಲಿ 1981ರಲ್ಲಿ ಪ್ರಕಟವಾಯಿತು, ಕನ್ನಡಕ್ಕೂ ಬಂದಿದೆ. ಒಂದನೇ ಇಯತ್ತೆಯಲ್ಲೇ ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ ಟೊಮೊಯೆ ಶಾಲೆಗೆ ಬರುತ್ತಾಳೆ. ಅಲ್ಲಿ ಹಳೆಯ ರೈಲು ಡಬ್ಬಿಗಳೇ ತರಗತಿಗಳು. ಹೆಡ್‌ಮಾಸ್ತರರಾದ ಕೊಬಾಯಾಶಿ ಮೊದಲ ದಿನವೇ ಆ ಮಗುವಿನ ಮಾತನ್ನು ನಾಲ್ಕು ತಾಸು ಕೂತು ಕೇಳುತ್ತಾರೆ. ಅಕ್ಕೋರು ಈ ಪುಸ್ತಕ ಓದಿದಾಗ ಅವರ ನೌಕರಿ ಅರ್ಧ ಮುಗಿದಿತ್ತು. ನಲವತ್ತೈದು ಮಕ್ಕಳ ವರ್ಗದಲ್ಲಿ ಒಂದು ಮಗುವಿನ ಮಾತನ್ನಾದರೂ ನಾಲ್ಕು ನಿಮಿಷ ಕೇಳಿದ್ದೆನೇ ಎಂದು ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಮರುದಿನದಿಂದ ಹಾಜರಿ ಹಿಡಿಯುವಾಗ ದಿನಕ್ಕೊಂದು ಮಗುವನ್ನು ಮಾತಾಡಿಸತೊಡಗಿದರು. ನನ್ನ ಸರದಿ ಬಂದ ದಿನ ನನಗಿನ್ನೂ ನೆನಪಿದೆ.

ಓದಲೊಲ್ಲದ ಹುಡುಗರಿಗೆ ತೇಜಸ್ವಿಯವರ 'ಕರ್ವಾಲೊ'. 1980ರಲ್ಲಿ ಬಂದ ಈ ಪುಟ್ಟ ಕಾದಂಬರಿಯಲ್ಲಿ ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋಗುತ್ತಾರೆ. ಆದರೆ ಅಕ್ಕೋರಿಗೆ ಮುಖ್ಯ ಮಂದಣ್ಣ. ಊರವರು ಲೆಕ್ಕಕ್ಕಿಡದ ಆ ಹುಡುಗನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾರಲ್ಲ, ಅದು. ಗಿಡಮರದ ಹುಚ್ಚಿರುವವರಿಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಹಳ್ಳಿ ಬಿಟ್ಟು ಬಂದು ಹಳ್ಳಿಯನ್ನು ಹೊಗಳುತ್ತ ಕೂಡುವವರಿಗೆ ರಾವಬಹಾದ್ದೂರರ 'ಗ್ರಾಮಾಯಣ'. ಅದರಲ್ಲಿ ಊರೇ ಕಥಾನಾಯಕ, ಆ ಊರಿನ ಕುಸಿತವೇ ಕತೆ. 1957ರ ಈ ಕಾದಂಬರಿಯನ್ನು ಇಂದಿನವರು ಮರೆತಿರುವುದು ನಮಗೇ ನಷ್ಟ.

ಕಾಲೇಜಿಗೆ ಹೋಗುವ ಹುಡುಗಿಯರಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ತಂದೆ ಮತ್ತು ಗಂಡನ ಹಟದ ನಡುವೆ ನಾದಿರಾಳ ಬದುಕು ಹೇಗೆ ನುಚ್ಚುನೂರಾಗುತ್ತದೆ ಎಂಬುದನ್ನು ಅದು ಎಲ್ಲೂ ದನಿ ಏರಿಸದೆ ಹೇಳುತ್ತದೆ. ಓದಿ ಹಿಂತಿರುಗಿಸಲು ಬಂದ ಹುಡುಗಿಯರು ಬೇಗ ಏಳುವುದಿಲ್ಲ. ಆಗ ಅಕ್ಕೋರು ಚಹಾಕ್ಕೆ ಇಡುತ್ತಾರೆ.

ಅವರ ಸ್ವಂತದ ಪುಸ್ತಕ ಯಾವುದು? 'ಮಲೆಗಳಲ್ಲಿ ಮದುಮಗಳು'. ಮೊದಲ ಸಲ ನೂರು ಪುಟಕ್ಕೆ ಕೈಬಿಟ್ಟರಂತೆ. ಅಷ್ಟೊಂದು ಜನ, ಅಷ್ಟೊಂದು ಕಾಡು, ಬಯಲುಸೀಮೆಯವರಿಗೆ ದಾರಿಯೇ ಸಿಗಲಿಲ್ಲ. ಎರಡನೆಯ ಸಲ ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆದರು. ದಾರಿ ತಾನಾಗಿ ಸಿಕ್ಕಿತು. ಈಗ ಕಣ್ಣಿಗೆ ಪೊರೆ ಬಂದು, ಸಂಜೆ ಓಣಿಯ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿ ಹೇಳುತ್ತಾಳೆ. ಹುಲಿಯ ಹೊಳೆಯ ಪಾಲಾಗುವ ಪುಟ ಬಂದಾಗ ಓದುವವಳೂ ಕೇಳುವವರೂ ಸ್ವಲ್ಪ ಹೊತ್ತು ಸುಮ್ಮನಾದರು.

ಇಂಥ ಕಪಾಟು ಎಲ್ಲ ಓಣಿಯಲ್ಲೂ ಇರುವುದಿಲ್ಲವಲ್ಲ ಎಂದೆ. ಅಕ್ಕೋರು ಒಪ್ಪಲಿಲ್ಲ. ಸಾರ್ವಜನಿಕ ಗ್ರಂಥಾಲಯವೂ ನಮ್ಮದೇ ಕಪಾಟು ಎಂದರು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಓದುಗರಿಗೆ ಅವರು ಹೇಳಿಕಳಿಸಿದ ಮಾತು ಇಷ್ಟೇ: "ರೊಕ್ಕ ಆಗಲೇ ಕೊಟ್ಟೀರಿ. ಹೋಗಿ ಪುಸ್ತಕ ತಗೊಂಡು ಬರ್ರಿ."